ನಿಸರ್ಗೋಪಾಸಕ ಫ್ರೆಡರಿಕ್ ಚರ್ಚ್

1859ರ ವಸಂತಕಾಲ. ನ್ಯೂಯಾರ್ಕ್ ನಗರದ ಹತ್ತನೆಯ ಬೀದಿಯಲ್ಲಿದ್ದ ಕಲಾಮಂದಿರದ ಮುಂದೆ ದಿನದಿನವೂ ಜನಸಂದಣಿ. ತಲೆಗೆ 25 ಸೆಂಟು ಶುಲ್ಕ ತೆತ್ತು ಅವರು ನೋಡಬಂದಿದ್ದುದು ಒಂದೇ ಒಂದು ಚಿತ್ರವನ್ನು. ಮಬ್ಬುಗತ್ತಲೆಯ ಕೊಠಡಿಯಲ್ಲಿ ದೀಪದ ಬೆಳಕು ಆ ಚಿತ್ರದ ಮೇಲಷ್ಟೇ ಬೀಳುತ್ತಿತ್ತು. ಕೆಲವೇ ವಾರಗಳಲ್ಲಿ 12,000ಕ್ಕೂ ಹೆಚ್ಚು ಮಂದಿ ಅದನ್ನು ಕಂಡು ಬೆರಗಾದರು. ಚಿತ್ರದ ಹೆಸರು 'ಆಂಡೀಸಿನ ಹೃದಯ'. ಬರೆದವನು ಫ್ರೆಡರಿಕ್ ಎಡ್ವಿನ್ ಚರ್ಚ್.

ಚರ್ಚ್ 1826ರಲ್ಲಿ ಅಮೆರಿಕದ ಹಾರ್ಟ್‌ಫರ್ಡ್ ಎಂಬ ಊರಿನಲ್ಲಿ ಸಿರಿವಂತರ ಮನೆಯಲ್ಲಿ ಹುಟ್ಟಿದನು. ಹದಿನೆಂಟನೆಯ ವಯಸ್ಸಿನಲ್ಲಿ ಹೆಸರಾಂತ ಚಿತ್ರಕಾರ ಥಾಮಸ್ ಕೋಲ್‌ನ ಶಿಷ್ಯನಾಗಿ, ಹಡ್ಸನ್ ನದಿಯ ದಡದ ಬೆಟ್ಟ ಕಾಡುಗಳನ್ನು ಅಲೆದು ರೇಖಾಚಿತ್ರಗಳನ್ನು ಬರೆದನು.

ಆತನಿಗೆ ಇನ್ನೊಬ್ಬ ಗುರುವೂ ಇದ್ದನು. ಆತನೇ ಜರ್ಮನಿಯ ವಿಜ್ಞಾನಿ ಹಂಬೋಲ್ಟ್. ದಕ್ಷಿಣ ಅಮೆರಿಕವನ್ನು ಸುತ್ತಿದ್ದ ಹಂಬೋಲ್ಟ್, ಅಲ್ಲಿನ ನಿಸರ್ಗವೈಭವವನ್ನು ಚಿತ್ರಕಾರರು ಕಣ್ಣಾರೆ ಕಂಡು ಬರೆಯಬೇಕೆಂದು ತನ್ನ ಗ್ರಂಥದಲ್ಲಿ ಕರೆಯಿತ್ತಿದ್ದನು. ಗ್ರಂಥದ ಮೂಲಕವಷ್ಟೇ ಬಲ್ಲ ಈ ಗುರುವಿನ ಮಾತನ್ನು ಶಿರಸಾವಹಿಸಿ ಚರ್ಚ್ 1853ರಲ್ಲಿಯೂ 1857ರಲ್ಲಿಯೂ ಆ ದುರ್ಗಮ ನಾಡಿಗೆ ಪಯಣ ಬೆಳೆಸಿದನು. ಕಂಡ ಗಿಡ, ಬಂಡೆ, ಮೋಡಗಳನ್ನೆಲ್ಲ ಶ್ರದ್ಧೆಯಿಂದ ಗುರುತು ಹಾಕಿಕೊಂಡನು.

ಸುಮಾರು ಹತ್ತು ಅಡಿ ಅಗಲದ ಆ ಚಿತ್ರ ಈ ಶ್ರಮದ ಫಲ. ದೂರದಲ್ಲಿ ಹಿಮಾಚ್ಛಾದಿತ ಶಿಖರ, ನಡುವೆ ಪುಟ್ಟ ಹಳ್ಳಿ, ಇತ್ತ ಧುಮುಕುವ ಜಲಪಾತ, ಹತ್ತಿರದಲ್ಲಿ ಹೂಬಳ್ಳಿ, ಹಕ್ಕಿಗಳು. ಎಲೆಎಲೆಯನ್ನೂ ಬಿಡಿಬಿಡಿಯಾಗಿ ನೋಡಲು ಪ್ರೇಕ್ಷಕರು ದುರ್ಬೀನು ಹಿಡಿಯುತ್ತಿದ್ದರು. ಚಿತ್ರವು 10,000 ಡಾಲರುಗಳಿಗೆ ಮಾರಾಟವಾಯಿತು.

ಆದರೆ ಚರ್ಚ್‌ನ ಆಸೆ ಬೇರೆಯಿತ್ತು. ಚಿತ್ರವನ್ನು ಬರ್ಲಿನ್ ನಗರಕ್ಕೆ ಕಳುಹಿಸಿ ವೃದ್ಧ ಹಂಬೋಲ್ಟ್‌ನಿಗೆ ತೋರಿಸಬೇಕೆಂದು ಆತನು ಹಂಬಲಿಸಿದ್ದನು. ಪ್ರದರ್ಶನ ನಡೆಯುತ್ತಿದ್ದಾಗಲೇ, 1859ರ ಮೇ 6ರಂದು, ಹಂಬೋಲ್ಟ್ ತೀರಿಕೊಂಡನು. ಸಾವಿರಾರು ಜನ ಮೆಚ್ಚಿದ ಆ ಚಿತ್ರವನ್ನು ಯಾರು ನೋಡಬೇಕಾಗಿತ್ತೋ ಆತನೇ ನೋಡಲಿಲ್ಲ.

ಮುಂದಿನ ದಿನಗಳೂ ಕಠಿಣವಾಗಿದ್ದವು. 1865ರಲ್ಲಿ ಇಬ್ಬರು ಎಳೆಯ ಮಕ್ಕಳು ರೋಗಕ್ಕೆ ತುತ್ತಾದರು. ಕಾಲಾಂತರದಲ್ಲಿ ಸಂಧಿವಾತದಿಂದ ಬಲಗೈ ಸೋತಿತು. ಚರ್ಚ್ ಎದೆಗುಂದದೆ ಎಡಗೈಯಲ್ಲಿ ಕುಂಚ ಹಿಡಿಯಲು ಕಲಿತನು. ಜನರ ಅಭಿರುಚಿಯೂ ಬದಲಾಗಿ, 1900ರಲ್ಲಿ ಆತನು ಕಾಲವಾಗುವ ವೇಳೆಗೆ ಹಿಂದಿನ ಕೀರ್ತಿ ಮಾಸಿಹೋಗಿತ್ತು.

ಆದರೂ ಕೃತಿಗಳು ಅಳಿಯಲಿಲ್ಲ. ಬಹುಕಾಲ ಕಣ್ಮರೆಯಾಗಿದ್ದ ಆತನ 'ಹಿಮಗಡ್ಡೆಗಳು' ಎಂಬ ಚಿತ್ರ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಬಾಲಕರ ನಿಲಯವೊಂದರ ಗೋಡೆಯ ಮೇಲೆ ಪತ್ತೆಯಾಗಿ, 1979ರಲ್ಲಿ 25 ಲಕ್ಷ ಡಾಲರುಗಳಿಗೆ ಹರಾಜಾಯಿತು. 'ಆಂಡೀಸಿನ ಹೃದಯ' ಇಂದು ನ್ಯೂಯಾರ್ಕಿನ ಮೆಟ್ರೋಪಾಲಿಟನ್ ವಸ್ತುಸಂಗ್ರಹಾಲಯದಲ್ಲಿದೆ. ಹೊಗಳಿಕೆ ಬರುತ್ತದೆ, ಹೋಗುತ್ತದೆ. ಶ್ರದ್ಧೆಯಿಂದ ಕಂಡು ಬರೆದ ಒಂದು ಎಲೆ ಮಾತ್ರ ಬಾಡದೆ ಉಳಿಯುತ್ತದೆ.