ಗೋಯಾ ಕಂಡ ಯುದ್ಧ

ರನ್ನನ ‘ಗದಾಯುದ್ಧ’ವನ್ನು ಪಾಠ ಹೇಳುವಾಗಲೆಲ್ಲ ನನಗೆ ಸ್ಪೇನ್ ದೇಶದ ಒಬ್ಬ ಚಿತ್ರಕಾರನ ನೆನಪು ಬರುತ್ತದೆ. ದುರ್ಯೋಧನನು ಸಂಜಯನೊಡನೆ ರಣರಂಗದಲ್ಲಿ ನಡೆದುಹೋಗುತ್ತಾನೆ. ದ್ರೋಣ, ಅಭಿಮನ್ಯು, ಲಕ್ಷಣಕುಮಾರ, ದುಶ್ಶಾಸನ, ಕರ್ಣ ಇವರ ಹೆಣಗಳ ಮುಂದೆ ನಿಂತು ಮರುಗುತ್ತಾನೆ. ನಮ್ಮ ಸಾಹಿತ್ಯದಲ್ಲಿ ಅದಕ್ಕಿಂತ ಮನ ಕಲಕುವ ಭಾಗ ಹೆಚ್ಚಿಲ್ಲ. ಆದರೆ ಆ ಕಳದಲ್ಲಿ ಬೇರೆ ಹೆಣಗಳೂ ಬಿದ್ದಿವೆ. ಕೆಲವು ವರ್ಷಗಳ ಹಿಂದೆ ತರಗತಿಯ ಕಡೆಯ ಸಾಲಿನಲ್ಲಿ ಕುಳಿತಿದ್ದ ವಿದ್ಯಾರ್ಥಿಯೊಬ್ಬ ಅವು ಯಾರವೆಂದು ಕೇಳಿದ. ಕವಿ ಹೇಳಿಲ್ಲವೆಂದು ಉತ್ತರ ಕೊಟ್ಟು ಮುಂದಿನ ಪದ್ಯಕ್ಕೆ ಹೋದೆ. ಉತ್ತರವೇನೋ ತಪ್ಪಲ್ಲ, ಆದರೆ ಪ್ರಶ್ನೆ ನನ್ನೊಡನೆ ಮನೆಯವರೆಗೂ ಬಂದಿತು. ಗೋಯಾನ ಯುದ್ಧಚಿತ್ರಗಳ ಪುಸ್ತಕವನ್ನು ಬಹುಕಾಲದ ಮೇಲೆ ಮತ್ತೆ ತೆರೆದದ್ದು ಆ ಸಂಜೆ.

ಫ್ರಾನ್ಸಿಸ್ಕೊ ಗೋಯಾ 1746ರ ಮಾರ್ಚ್ 30ರಂದು ಅರಗಾನ್ ಸೀಮೆಯ ಫ್ಯುಯೆಂದೆತೋದೊಸ್ ಎಂಬ ಸಣ್ಣ ಹಳ್ಳಿಯಲ್ಲಿ ಹುಟ್ಟಿದನು. ತಂದೆಯದು ಮರದ ಕೆತ್ತನೆಗೆ ಚಿನ್ನದ ರೇಕು ಹಚ್ಚುವ ಕಸುಬು. ಹುಡುಗ ಸರಗೋಸ ನಗರದಲ್ಲಿ ಚಿತ್ರವಿದ್ಯೆ ಕಲಿತನು. ಮ್ಯಾಡ್ರಿಡ್ಡಿನ ಕಲಾ ಅಕಾಡೆಮಿಯ ಸ್ಪರ್ಧೆಯಲ್ಲಿ ಎರಡು ಸಲ ಸೋತನು. ಇಟಲಿಗೆ ಹೋಗಿಬಂದು, 1773ರಲ್ಲಿ ಆಸ್ಥಾನದ ಚಿತ್ರಕಾರನೊಬ್ಬನ ತಂಗಿ ಹೋಸೆಫಾಳನ್ನು ಮದುವೆಯಾದನು. ಅವರ ಮಕ್ಕಳಲ್ಲಿ ಬೆಳೆದು ದೊಡ್ಡವನಾದವನು ಒಬ್ಬನೇ. ಅರಮನೆಯ ಗೋಡೆಗಳಿಗೆ ತೂಗುಹಾಕುವ ನೇಯ್ಗೆಯ ತೆರೆಗಳಿಗೆ ಮಾದರಿ ಚಿತ್ರ ಬರೆಯುವ ಕೆಲಸ ಅವನಿಗೆ ದೊರೆಯಿತು. ಅರುವತ್ತಕ್ಕೂ ಹೆಚ್ಚು ಬರೆದನು. ಜಾತ್ರೆ, ಗಾಳಿಪಟ, ಮಡಿಕೆ ಮಾರುವವರು, ನೀರು ತರುವ ಹೆಂಗಸರು, ಗಾಯಗೊಂಡ ಗಾರೆ ಕೆಲಸದವನನ್ನು ಹೊತ್ತೊಯ್ಯುವ ಸಂಗಡಿಗರು—ದೊರೆಗಳ ಊಟದ ಮನೆಯೊಳಕ್ಕೆ ಬೀದಿಯ ಜನ ಹೀಗೆ ಪ್ರವೇಶಿಸಿದರು. ಮುಂದೆ ಅವನ ಬಾಳಿನಲ್ಲಿ ನಡೆದುದನ್ನೆಲ್ಲ ನೋಡಿದರೆ, ಈ ಜನರ ಪರಿಚಯ ಅವನಿಗೆ ಅಷ್ಟು ಮೊದಲೇ ಆಗಿದ್ದುದು ಒಳ್ಳೆಯದಾಯಿತು.

ಪದವಿಯೂ ಬೆಳೆಯಿತು. 1789ರಲ್ಲಿ ಆಸ್ಥಾನ ಚಿತ್ರಕಾರ. 1799ರಲ್ಲಿ ಆಸ್ಥಾನದ ಪ್ರಥಮ ಚಿತ್ರಕಾರ. ಈ ಎರಡರ ನಡುವೆ, 1792ರ ಕೊನೆಗೆ, ನಲವತ್ತಾರನೆಯ ವಯಸ್ಸಿನಲ್ಲಿ ಭಾರಿ ಕಾಯಿಲೆಯೊಂದು ಬಂದಿತು. ಪ್ರಾಣ ಉಳಿಯಿತು, ಕಿವಿ ಹೋಯಿತು. ಅಲ್ಲಿಂದ ಮುಂದೆ ಮೂವತ್ತೈದು ವರ್ಷ ಅವನು ಕೇವಲ ಕಣ್ಣಿನಿಂದ ಬದುಕಿದನು.

ಇನ್ನು ಯುದ್ಧದ ಮಾತು. ಅದು ಯುದ್ಧವೆಂಬ ಹೆಸರಿನಿಂದ ಬರಲಿಲ್ಲ. ಸ್ನೇಹವೆಂಬ ಹೆಸರಿನಿಂದ ಬಂದಿತು. 1807ರ ಅಕ್ಟೋಬರಿನಲ್ಲಿ ಫ್ರಾನ್ಸಿಗೂ ಸ್ಪೇನಿಗೂ ಒಂದು ಒಪ್ಪಂದವಾಯಿತು: ಪೋರ್ಚುಗಲ್ಲಿನ ಮೇಲೆ ದಂಡೆತ್ತಿ ಹೋಗುವ ನೆಪೋಲಿಯನ್ನನ ಸೈನ್ಯಕ್ಕೆ ಸ್ಪೇನ್ ತನ್ನ ನೆಲದ ಮೇಲೆ ದಾರಿ ಬಿಡಬೇಕು. ದಾರಿಹೋಕರಾಗಿ ಬಂದವರು ತಂಗಿದರು. ತಂಗಿದವರು ಕೋಟೆಗಳನ್ನು ಹಿಡಿದರು. 1808ರ ಮಾರ್ಚಿಯಲ್ಲಿ ಸೇನಾನಿ ಮ್ಯುರಾ ಮ್ಯಾಡ್ರಿಡ್ಡನ್ನು ಪ್ರವೇಶಿಸಿದನು. ಸಿಂಹಾಸನಕ್ಕಾಗಿ ಜಗಳವಾಡುತ್ತಿದ್ದ ದೊರೆ ನಾಲ್ಕನೆಯ ಚಾರ್ಲ್ಸನನ್ನೂ ಅವನ ಮಗ ಫರ್ಡಿನೆಂಡನನ್ನೂ ನೆಪೋಲಿಯನ್ನನು ಪಂಚಾಯಿತಿಯ ನೆಪದಲ್ಲಿ ಗಡಿಯಾಚೆಯ ಬಯೋನ್ ಊರಿಗೆ ಕರೆಸಿಕೊಂಡು, ಇಬ್ಬರಿಂದಲೂ ಕಿರೀಟ ಬಿಡಿಸಿ, ತನ್ನ ಅಣ್ಣ ಜೋಸೆಫನ ತಲೆಗೆ ಇಟ್ಟನು. ದೊರೆಗಳು ಒಪ್ಪಿದರು. ರಾಜಧಾನಿಯ ಅಧಿಕಾರಿಗಳು ಶಾಂತಿಯಿಂದಿರಬೇಕೆಂದು ಜನಕ್ಕೆ ಬುದ್ಧಿ ಹೇಳಿದರು. ಸ್ಪೇನಿನ ಸೈನ್ಯಕ್ಕೆ ಪಾಳೆಯ ಬಿಟ್ಟು ಹೊರಬರಬಾರದೆಂದು ಆಜ್ಞೆಯಾಯಿತು.

ಒಪ್ಪದೆ ಹೋದವರು ಬೀದಿಯ ಜನ. ಮೇ 2ರ ಬೆಳಗ್ಗೆ ಅರಮನೆಯಲ್ಲಿ ಉಳಿದಿದ್ದ ಕಿರಿಯ ರಾಜಕುಮಾರನನ್ನೂ ಗಾಡಿಯಲ್ಲಿ ಕೂರಿಸಿ ಕಳುಹಿಸುವ ಸಿದ್ಧತೆ ನಡೆದಾಗ ಗುಂಪು ಸೇರಿತು. ಫ್ರೆಂಚರು ಗುಂಡು ಹಾರಿಸಿದರು. ಊರಿಗೆ ಊರೇ ಎದ್ದಿತು. ಕಸುಬುದಾರರು, ಆಳುಗಳು, ಹೆಂಗಸರು ಕತ್ತಿ, ಕೋಲು, ಕಲ್ಲು, ಕೈಗೆ ಸಿಕ್ಕಿದುದನ್ನು ಹಿಡಿದು ಯೂರೋಪಿನಲ್ಲೇ ಬಲಿಷ್ಠವಾದ ದಂಡಿನ ಕುದುರೆ ಸವಾರರ ಮೇಲೆ ಬಿದ್ದರು. ಆಜ್ಞೆ ಮೀರಿ ಜನರೊಡನೆ ನಿಂತ ಸೈನಿಕ ಅಧಿಕಾರಿಗಳು ಬೆರಳೆಣಿಕೆಯವರು. ಮಧ್ಯಾಹ್ನದ ಹೊತ್ತಿಗೆ ಎಲ್ಲ ಮುಗಿದಿತ್ತು. ಆಯುಧ ಹಿಡಿದು ಸಿಕ್ಕವರನ್ನೆಲ್ಲ ಕೊಲ್ಲಬೇಕೆಂದು ಮ್ಯುರಾ ಆಜ್ಞೆ ಮಾಡಿದನು. ಆ ರಾತ್ರಿಯೂ ಮರುದಿನದ ನಸುಕಿನಲ್ಲಿಯೂ ಸಾಲುಸಾಲಾಗಿ ನಿಲ್ಲಿಸಿ ಸುಟ್ಟರು. ಅದೇ ಮೇ 2ರಂದು ಮ್ಯಾಡ್ರಿಡ್ಡಿನ ಹತ್ತಿರದ ಮೋಸ್ತೊಲೆಸ್ ಎಂಬ ಹಳ್ಳಿಯ ಇಬ್ಬರು ಗ್ರಾಮಾಧಿಕಾರಿಗಳು ಫ್ರೆಂಚರ ವಿರುದ್ಧ ಏಳಬೇಕೆಂದು ಕರೆಕೊಡುವ ಓಲೆಗೆ ರುಜು ಹಾಕಿ ಊರೂರಿಗೆ ಕಳುಹಿಸಿದರು. ದೊರೆ ಮಾಡದ ಕೆಲಸವನ್ನು ಹಳ್ಳಿ ಮಾಡಿತು. ಇಂದು ನಾವು ಕನ್ನಡದಲ್ಲಿಯೂ ಬಳಸುವ ‘ಗೆರಿಲ್ಲ’ ಎಂಬ ಮಾತು ಲೋಕದಲ್ಲಿ ಹರಡಿದುದು ಆ ಆರು ವರ್ಷಗಳ ಹೋರಾಟದಿಂದ; ಸ್ಪೇನಿನ ಮಾತಿನಲ್ಲಿ ಅದರ ಅರ್ಥ ಸಣ್ಣ ಯುದ್ಧವೆಂದಷ್ಟೆ.

ಗೋಯಾನಿಗೆ ಆಗ ಅರುವತ್ತೆರಡು. ಕಿವುಡ, ಅರಮನೆಯ ಸಂಬಳದವನು. ಫ್ರಾನ್ಸಿನ ಹೊಸ ವಿಚಾರಗಳನ್ನು ಮೆಚ್ಚಿದ ಗೆಳೆಯರ ನಡುವೆ ಬೆಳೆದವನು. ಅವನ ಸಂಕಟ ಇಲ್ಲಿದೆ. ಧರ್ಮವಿಚಾರಣೆಯ ಕ್ರೌರ್ಯ, ಪಾದ್ರಿಗಳ ದರ್ಪ, ಶ್ರೀಮಂತರ ಸೋಮಾರಿತನ ಇವನ್ನೆಲ್ಲ ಅವನು 1799ರಲ್ಲಿ ‘ಕಪ್ರೀಚೊಸ್’ ಎಂಬ ಎಂಬತ್ತು ಅಚ್ಚುಚಿತ್ರಗಳಲ್ಲಿ ಹಾಸ್ಯಮಾಡಿದ್ದನು. ಅವುಗಳನ್ನು ಅಳಿಸುವೆವೆಂದು ಹೇಳಿಕೊಂಡು ಬಂದವರೇ ಈಗ ಊರನ್ನು ಸುಡುತ್ತಿದ್ದರು. 1808ರ ಅಕ್ಟೋಬರಿನಲ್ಲಿ, ಮೊದಲ ಮುತ್ತಿಗೆಯನ್ನು ಗೆದ್ದು ನಿಂತ ಸರಗೋಸದ ಅವಶೇಷಗಳನ್ನು ಚಿತ್ರಿಸಲು ಬಾರೆಂದು ಅಲ್ಲಿಯ ಸೇನಾನಿ ಪಲಫೋಕ್ಸ್ ಕರೆದಾಗ ಗೋಯಾ ಹೋದನು. ಬಾಲ್ಯದ ಬೀದಿಗಳನ್ನು ಕಲ್ಲುಗುಪ್ಪೆಗಳಾಗಿ ಕಂಡನು. ಕೆಲವೇ ವಾರಗಳಲ್ಲಿ ಎರಡನೆಯ ಮುತ್ತಿಗೆ ಬಿದ್ದಿತು. 1809ರ ಫೆಬ್ರವರಿಯಲ್ಲಿ ಊರು ಶರಣಾಗುವ ಹೊತ್ತಿಗೆ ಐವತ್ತು ಸಾವಿರಕ್ಕೂ ಹೆಚ್ಚು ಜನ ಸತ್ತಿದ್ದರು. ಗುಂಡಿಗಿಂತ ಜ್ವರಕ್ಕೆ ಬಲಿಯಾದವರೇ ಹೆಚ್ಚು.

ಅಷ್ಟರಲ್ಲಿ ಮ್ಯಾಡ್ರಿಡ್ಡಿನಲ್ಲಿ ಮನೆಯ ಯಜಮಾನರೆಲ್ಲ ಹೊಸ ದೊರೆ ಜೋಸೆಫನಿಗೆ ನಿಷ್ಠೆಯ ಪ್ರಮಾಣ ಮಾಡಬೇಕಾಯಿತು. ಸಾವಿರಾರು ಜನ ಮಾಡಿದರು, ಗೋಯಾನೂ ಮಾಡಿದನು. ಪ್ಯಾರಿಸ್ಸಿನಲ್ಲಿ ನೆಪೋಲಿಯನ್ನನ ಚಿತ್ರಶಾಲೆಗೆ ಸ್ಪೇನಿನ ಐವತ್ತು ಚಿತ್ರಗಳನ್ನು ಆರಿಸಿಕೊಡುವ ಕೆಲಸ ಮೂವರಿಗೆ ಬಿದ್ದಿತು, ಅವರಲ್ಲಿ ಇವನೊಬ್ಬ. 1811ರಲ್ಲಿ ಜೋಸೆಫ್ ಇವನಿಗೆ ಪದಕ ಕೊಟ್ಟನು. ಜನ ಆ ಪದಕವನ್ನು ಬದನೆಕಾಯಿ ಎಂದು ಕರೆದು ನಗುತ್ತಿದ್ದರಂತೆ. ಯುದ್ಧಾನಂತರದ ವಿಚಾರಣೆಯಲ್ಲಿ, ತಾನು ಅದನ್ನು ಒಮ್ಮೆಯೂ ಧರಿಸಲಿಲ್ಲವೆಂದು ಗೋಯಾ ಹೇಳಿಕೊಂಡನು. ಸಾಕ್ಷಿಗಳೂ ಹಾಗೆಯೇ ನುಡಿದರು. ಆರೋಪದಿಂದ ಬಿಡುಗಡೆಯಾಯಿತು.

ಇದನ್ನು ಓದಿದಾಗ ಮೊದಲ ಸಲ ನನಗೆ ಬೇಸರವಾಗಿತ್ತು. ವೀರನೆಂದುಕೊಂಡವನು ಸಂಬಳದ ಪಟ್ಟಿಯಲ್ಲಿ ಹೆಸರು ಉಳಿಸಿಕೊಂಡವನೆಂದು ತಿಳಿಯುವುದು ಹಿತವಲ್ಲ. ಆದರೆ ತಿಂಗಳ ಸಂಬಳ ನೆಚ್ಚಿಕೊಂಡ ನಾನು ಯಾವ ಬಾಯಿಂದ ತೀರ್ಪು ಕೊಡಲಿ? ದಾಳಿಗೆ ಒಳಗಾದ ನಾಡಿನಲ್ಲಿ ಎಲ್ಲರೂ ಕತ್ತಿ ಹಿಡಿಯುವುದಿಲ್ಲ. ಕೆಲವರು ಓಡುತ್ತಾರೆ, ಕೆಲವರು ರುಜು ಹಾಕುತ್ತಾರೆ, ಹಲವರು ಸುಮ್ಮನೆ ಹಸಿದಿರುತ್ತಾರೆ. ಗೋಯಾ ರುಜು ಹಾಕಿದವರಲ್ಲಿ ಒಬ್ಬ. ಹಾಕಿದ ಕೈ ಮನೆಗೆ ಬಂದು ಏನು ಮಾಡಿತೆಂಬುದು ಬೇರೆ ವಿಷಯ.

ತಾಮ್ರದ ತಗಡಿಗೆ ಮೇಣ ಬಳಿದು, ಸೂಜಿಯಿಂದ ಗೀರಿ, ಆಮ್ಲದಲ್ಲಿ ಅದ್ದಿದರೆ ಗೀರಿದ ಕಡೆಯೆಲ್ಲ ಲೋಹ ಕರಗಿ ಗೆರೆ ಮೂಡುತ್ತದೆ. ಅದಕ್ಕೆ ಮಸಿ ತುಂಬಿ ಕಾಗದಕ್ಕೆ ಒತ್ತುತ್ತಾರೆ. 1810ರಲ್ಲಿ ಗೋಯಾ ಈ ಕೆಲಸಕ್ಕೆ ಕೈಹಾಕಿದನು. ಯುದ್ಧದ ಕಾಲದಲ್ಲಿ ತಾಮ್ರ ದುರ್ಲಭ. ಹಿಂದೆ ತಾನೇ ಕೊರೆದಿದ್ದ ಎರಡು ನಿಸರ್ಗಚಿತ್ರಗಳ ತಗಡುಗಳನ್ನು ಎರಡೆರಡು ತುಂಡು ಮಾಡಿ ಹಿಂಬದಿಯಲ್ಲಿ ಹೆಣಗಳನ್ನು ಕೊರೆದನು. ಸುಮಾರು ಹತ್ತು ವರ್ಷಗಳಲ್ಲಿ ಎಂಬತ್ತೆರಡು ತಗಡುಗಳಾದವು. ‘ಯುದ್ಧದ ಅನಾಹುತಗಳು’ ಎಂಬ ಹೆಸರಿನಿಂದ ಅವು ಈಗ ಪ್ರಸಿದ್ಧ.

ಅವುಗಳಲ್ಲಿ ನೆಪೋಲಿಯನ್ ಇಲ್ಲ. ಮ್ಯುರಾ ಇಲ್ಲ. ಬಾವುಟವಿಲ್ಲ, ಗೆದ್ದ ಕೋಟೆಯಿಲ್ಲ. ಕಂಕುಳಲ್ಲಿ ಮಗುವನ್ನಿಟ್ಟುಕೊಂಡು ಸೈನಿಕನ ಹೊಟ್ಟೆಗೆ ಈಟಿ ಹಾಕುವ ಹೆಂಗಸಿದ್ದಾಳೆ. ಸತ್ತವರ ಮೇಲೆ ಕಾಲಿಟ್ಟು ಫಿರಂಗಿಗೆ ಬೆಂಕಿ ಕೊಡುವ ತರುಣಿಯಿದ್ದಾಳೆ. ಸರಗೋಸದ ಅಗಸ್ತೀನಾ ಎಂದು ಲೋಕ ಗುರುತಿಸಿತು, ಚಿತ್ರದಲ್ಲಿ ಅವಳ ಮುಖವೇ ಕಾಣದು. ಗವಿಯಂಥ ಕತ್ತಲಲ್ಲಿ ಮೊಣಕಾಲೂರಿದ ಗಂಡಸರು, ಹೆಂಗಸರು. ಬಲ ಅಂಚಿನಿಂದ ಒಳಚಾಚಿದ ಬಂದೂಕಿನ ಮೊನೆಗಳಷ್ಟೆ, ಹಿಡಿದವರಿಲ್ಲ. ಊರುಬಿಟ್ಟು ಓಡುವ ಜನರ ಚಿತ್ರವೊಂದರ ಕೆಳಗೆ, ಇದನ್ನು ತಾನು ಕಂಡೆನೆಂದು ಚಿತ್ರಕಾರನೇ ಬರೆದಿದ್ದಾನೆ.

ನಮ್ಮ ಹಳ್ಳಿಗಳ ವೀರಗಲ್ಲುಗಳನ್ನು ನೋಡಿದವರಿಗೆ ಈ ಚಿತ್ರಗಳ ವಿಶೇಷ ಬೇಗ ತಿಳಿದೀತು. ವೀರಗಲ್ಲಿನ ಕೆಳ ಪಟ್ಟಿಕೆಯಲ್ಲಿ ಕಾಳಗ; ಅದರ ಮೇಲೆ ಸತ್ತವನನ್ನು ಕರೆದೊಯ್ಯುವ ಅಪ್ಸರೆಯರು; ಅದಕ್ಕೂ ಮೇಲೆ ಶಿವಸನ್ನಿಧಿ. ತುರು ಕಾದು, ಊರು ಕಾದು ಮಡಿದ ಸಾಮಾನ್ಯನಿಗೆ ಅಲ್ಲಿ ಹೆಸರೂ ಉಂಟು, ಸ್ವರ್ಗವೂ ಉಂಟು. ಗೋಯಾನ ತಗಡಿನಲ್ಲಿ ಕೆಳಗಿನ ಪಟ್ಟಿಕೆ ಮಾತ್ರ. ಮೇಲೆ ಬರಿಯ ಬೂದು ಆಕಾಶ.

ಇನ್ನೊಂದು ವಿಷಯವನ್ನು ಹೇಳದಿದ್ದರೆ ಅವನಿಗೆ ಅನ್ಯಾಯ ಮಾಡಿದಂತೆ. ತನ್ನ ಜನರನ್ನು ಅವನು ದೇವತೆಗಳನ್ನಾಗಿ ಮಾಡಲಿಲ್ಲ. ಬಿದ್ದ ಫ್ರೆಂಚ್ ಸೈನಿಕನ ಮೇಲೆ ಕೊಡಲಿ ಎತ್ತಿದ ಹಳ್ಳಿಗನ ಮುಖ, ಎದುರಾಳಿಯ ಮುಖದಷ್ಟೇ ಭಯಂಕರವಾಗಿದೆ. ಮತ್ತೊಂದರಲ್ಲಿ ಊರ ಗುಂಪು ಯಾವನನ್ನೋ ನೆಲಕ್ಕೆ ಕೆಡವಿ ಹಿಂಸಿಸುತ್ತಿದೆ. ಕೋಲೆತ್ತಿದವಳು ಒಬ್ಬ ಹೆಂಗಸು. ದಾಳಿ ಮಾಡಿದವರ ತಪ್ಪು ಇದರಿಂದ ಕಡಮೆಯಾಗದು. ಅವರು ಬಂದು ಏನೇನನ್ನು ಕೆಡಿಸಿದರೆಂಬ ಲೆಕ್ಕದಲ್ಲಿ ಇದೂ ಸೇರಬೇಕು.

1811ರಿಂದ 12ರವರೆಗೆ ಮ್ಯಾಡ್ರಿಡ್ಡಿನಲ್ಲಿ ಕ್ಷಾಮ. ಸುಮಾರು ಇಪ್ಪತ್ತು ಸಾವಿರ ಜನ ಸತ್ತರು. ಹೆಣ ತುಂಬುವ ಗಾಡಿಗಳು ದಿನವೂ ಬೀದಿ ಸುತ್ತುತ್ತಿದ್ದವು. ಹದಿನೈದಕ್ಕೂ ಹೆಚ್ಚು ತಗಡುಗಳು ಇದಕ್ಕೇ ಮೀಸಲು. ಉಳಿದವುಗಳಿಗಿಂತ ಇವೇ ನನ್ನನ್ನು ಹೆಚ್ಚು ಕಾಡುತ್ತವೆ. ಇವುಗಳಲ್ಲಿ ಯಾರೂ ಯಾರನ್ನೂ ಇರಿಯುವುದಿಲ್ಲ. ಹಸಿದವರು ಕುಳಿತಿದ್ದಾರೆ, ಹೊಟ್ಟೆ ತುಂಬಿದವರು ಪಕ್ಕದಲ್ಲಿ ಹಾದುಹೋಗುತ್ತಾರೆ. ಹೋಸೆಫಾ ತೀರಿಕೊಂಡದ್ದೂ ಆ 1812ರಲ್ಲಿಯೇ.

ಅದೇ ಆಗಸ್ಟಿನಲ್ಲಿ ಇಂಗ್ಲಿಷ್ ಸೇನಾನಿ ವೆಲಿಂಗ್ಟನ್ ಮ್ಯಾಡ್ರಿಡ್ಡಿಗೆ ಬಂದನು; ಗೋಯಾ ಅವನ ಚಿತ್ರ ಬರೆದನು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಮೇಲೆ ಅಲ್ಲಿ ಅಧಿಕಾರ ವಹಿಸಿದ್ದ ಆರ್ಥರ್ ವೆಲ್ಲೆಸ್ಲಿ ಈತನೇ. ಒಂದು ಕಡೆ ಬಿಡುಗಡೆ ತಂದವನು, ಇನ್ನೊಂದು ಕಡೆ ನಾಡು ಹಿಡಿದವನು! ಗೋಯಾನ ರೇಖಾಚಿತ್ರದಲ್ಲಿ ಆ ಮುಖ ದಣಿದಿದೆ. ಕಣ್ಣುಗಳು ಏನನ್ನೋ ಮರೆಯಲಾರದವನ ಕಣ್ಣುಗಳಂತಿವೆ.

ಫ್ರೆಂಚರು ಹೋದರು. 1814ರ ಫೆಬ್ರವರಿಯಲ್ಲಿ ಗೋಯಾ, ದಬ್ಬಾಳಿಕೆಯ ವಿರುದ್ಧ ಜನ ತೋರಿದ ಸಾಹಸವನ್ನು ಕುಂಚದಿಂದ ಉಳಿಸಲು ಅವಕಾಶ ಬೇಕೆಂದು ಸರಕಾರಕ್ಕೆ ಅರ್ಜಿ ಹಾಕಿದನು. ಆ ವರ್ಷ ಬರೆದ ಎರಡು ದೊಡ್ಡ ಚಿತ್ರಗಳು ಮೇ 2 ಮತ್ತು ಮೇ 3. ಎರಡನೆಯದನ್ನು ಅರಿಯದವರು ವಿರಳ: ಬೆನ್ನು ತಿರುಗಿಸಿ ನಿಂತ, ಮುಖವಿಲ್ಲದ ಬಂದೂಕಿನವರ ಸಾಲು, ನೆಲದ ಮೇಲೆ ಒಂದು ಲಾಂದ್ರ, ಅದರ ಬೆಳಕಿನಲ್ಲಿ ಬಿಳಿಯ ಅಂಗಿಯವನೊಬ್ಬ ಎರಡು ಕೈಗಳನ್ನೂ ಚಾಚಿ ಮೊಣಕಾಲೂರಿದ್ದಾನೆ. ಅವನ ಕಣ್ಣಲ್ಲಿ ಇರುವುದು ಶೌರ್ಯವೇ ಭಯವೇ ಎಂದು ಇಷ್ಟು ಸಲ ನೋಡಿಯೂ ನನಗೆ ತಿಳಿದಿಲ್ಲ. ಹಿಂದೆ ಸರದಿ ಕಾಯುವವರು ಮುಖ ಮುಚ್ಚಿಕೊಂಡು ಗುಡ್ಡ ಹತ್ತುತ್ತಿದ್ದಾರೆ.

ಯಾರಿಗಾಗಿ ಜನ ಸತ್ತರೋ ಆ ಫರ್ಡಿನೆಂಡ್ ಮರಳಿ ಬಂದು ಸಂವಿಧಾನವನ್ನು ರದ್ದುಮಾಡಿದನು, ಧರ್ಮವಿಚಾರಣೆಯನ್ನು ಮತ್ತೆ ತಂದನು. ಹಳೆಯ ನಗ್ನಚಿತ್ರವೊಂದರ ಸಲುವಾಗಿ ಗೋಯಾನನ್ನೂ ವಿಚಾರಿಸಿದರು. ಯುದ್ಧದ ತಗಡುಗಳನ್ನು ಅವನು ಅಚ್ಚು ಹಾಕಿಸಲಿಲ್ಲ. ಗೆಳೆಯನೊಬ್ಬನಿಗೆ ಒಂದು ಕಟ್ಟು ಕೊಟ್ಟು, ಉಳಿದವನ್ನು ಮುಚ್ಚಿಟ್ಟನು. 1819ರಲ್ಲಿ ಊರ ಹೊರಗೆ ಒಂದು ಮನೆ ಕೊಂಡನು. ಕಿವುಡನ ಮನೆ ಎಂದು ಅದಕ್ಕೆ ಮೊದಲೇ ಹೆಸರಿತ್ತು, ಬೇರೊಬ್ಬ ಕಿವುಡನಿಂದ. ಅದರ ಗೋಡೆಗಳ ಮೇಲೆ ತನಗಾಗಿಯೇ ಹದಿನಾಲ್ಕು ಕಪ್ಪು ಚಿತ್ರಗಳನ್ನು ಬರೆದನು.

1823ರಲ್ಲಿ ಫ್ರೆಂಚ್ ಸೈನ್ಯ ಮತ್ತೊಮ್ಮೆ ಸ್ಪೇನಿಗೆ ಬಂದಿತು, ಈ ಸಲ ಫರ್ಡಿನೆಂಡನ ನಿರಂಕುಶ ಅಧಿಕಾರವನ್ನು ಮರಳಿ ಕೊಡಿಸುವುದಕ್ಕೆ. ಹದಿನೈದು ವರ್ಷಗಳ ಹಿಂದೆ ಕಲ್ಲು ಕೋಲು ಹಿಡಿದು ಎದ್ದ ಜನ ಈಗ ಏಳಲಿಲ್ಲ. ಹಲವು ಊರುಗಳಲ್ಲಿ ಸ್ವಾಗತಿಸಿದರು. ಏಕೆಂದು ಚರಿತ್ರಕಾರರು ಕಾರಣಗಳನ್ನು ಕೊಡುತ್ತಾರೆ: ಪಾದ್ರಿಗಳ ಪ್ರಭಾವ, ದಣಿವು, ಉದಾರವಾದಿಗಳು ಹಳ್ಳಿಗೆ ಏನನ್ನೂ ಕೊಡದಿದ್ದುದು. ಎಲ್ಲವೂ ನಿಜವಿರಬಹುದು. ಗೋಯಾ ಮರುವರ್ಷ ಔಷಧದ ನೀರಿನ ಸ್ನಾನದ ನೆಪ ಹೇಳಿ ದೊರೆಯ ಅಪ್ಪಣೆ ಪಡೆದು ದೇಶ ಬಿಟ್ಟನು. ಹೋಗಿ ಸೇರಿದ್ದು ಫ್ರಾನ್ಸಿನ ಬೋರ್ಡೊ ನಗರವನ್ನು. ತನ್ನ ಊರುಗಳನ್ನು ಸುಟ್ಟವರ ನಾಡಿನಲ್ಲಿ, ದೇಶಭ್ರಷ್ಟ ಗೆಳೆಯರ ನಡುವೆ, 1828ರ ಏಪ್ರಿಲ್ 16ರಂದು ಎಂಬತ್ತೆರಡನೆಯ ವಯಸ್ಸಿನಲ್ಲಿ ಸತ್ತನು. ತಗಡುಗಳಲ್ಲಿ ಎಂಬತ್ತನ್ನು ಮ್ಯಾಡ್ರಿಡ್ಡಿನ ಅಕಾಡೆಮಿ ಮುದ್ರಿಸಿದ್ದು 1863ರಲ್ಲಿ. ಹರೆಯದಲ್ಲಿ ಅವನನ್ನು ಎರಡು ಸಲ ತಿರಸ್ಕರಿಸಿದ ಅಕಾಡೆಮಿಯೇ ಅದು.

ಅವನ ಅಸ್ಥಿಗಳನ್ನು ಸ್ಪೇನಿಗೆ ತರಲು ಗೋರಿ ತೆರೆದಾಗ ತಲೆಬುರುಡೆ ಇರಲಿಲ್ಲ. ಯಾರು, ಯಾವಾಗ ಕೊಂಡೊಯ್ದರೆಂದು ಇಂದಿಗೂ ಗೊತ್ತಿಲ್ಲ. 1919ರಿಂದ ಅವನು ಮ್ಯಾಡ್ರಿಡ್ಡಿನ ಸಂತ ಅಂತೋನಿಯ ಚಿಕ್ಕ ಗುಡಿಯಲ್ಲಿ ಮಲಗಿದ್ದಾನೆ. ಆ ಗುಡಿಯ ಗುಮ್ಮಟದೊಳಗೆ 1798ರಲ್ಲಿ ಅವನೇ ಬರೆದ ಚಿತ್ರವಿದೆ: ಸಂತನು ಕೊಲೆಯಾದವನೊಬ್ಬನನ್ನು ಸಾಕ್ಷಿ ಹೇಳುವುದಕ್ಕಾಗಿ ಎಬ್ಬಿಸುತ್ತಿದ್ದಾನೆ, ಸುತ್ತಲೂ ಕಟಕಟೆಗೆ ಒರಗಿ ಊರಿನ ಜನ, ಹೆಂಗಸರು, ಭಿಕ್ಷುಕರು, ಮಕ್ಕಳು. ಗುಡಿಯಿಂದ ಸ್ವಲ್ಪ ನಡೆದರೆ ಸಣ್ಣದೊಂದು ಸ್ಮಶಾನ. ಮೇ 3ರ ನಸುಕಿನಲ್ಲಿ ಹತ್ತಿರದ ಗುಡ್ಡದ ಮೇಲೆ ಗುಂಡಿಗೆ ಬಲಿಯಾದ ನಲವತ್ತಮೂರು ಜನರನ್ನು ಅಲ್ಲಿ ಹೂಳಿದ್ದಾರೆ.