ಮೇರಿ ಕ್ಯೂರಿ ಮುಚ್ಚಿಟ್ಟ ಕಣ್ಣಿನ ಕಥೆ

ಮೈಸೂರಿನ ಕುವೆಂಪುನಗರದಲ್ಲಿರುವ ನಮ್ಮ ದೊಡ್ಡಮ್ಮನಿಗೆ ಕಣ್ಣಿನೊಳಗೆ ಕ್ಯಾನ್ಸರ್ ಗಡ್ಡೆಯಾಗಿತ್ತು. ರೇಡಿಯೇಷನ್ ಕೊಟ್ಟರು, ಗಡ್ಡೆ ಕುಗ್ಗಿತು, ಕಣ್ಣು ಉಳಿಯಿತು. ಎರಡು ವರ್ಷದ ಮೇಲೆ ಅದೇ ಕಣ್ಣು ಮಂಜಾಗತೊಡಗಿತು. ಅವರು ಯಾರ ಹತ್ತಿರವೂ ಹೇಳಿಕೊಳ್ಳಲಿಲ್ಲ. ಕಾಫಿ ಲೋಟದ ಪಕ್ಕಕ್ಕೆ ಸುರಿದಾಗಲೇ ಮನೆಯವರಿಗೆ ಗೊತ್ತಾಗಿದ್ದು. ನನಗೆ ಆವತ್ತು ನೆನಪಾದವರು ಮೇರಿ ಕ್ಯೂರಿ.

ಶಾಲೆಯ ಪಾಠದ ಕ್ಯೂರಿ ಎಲ್ಲರಿಗೂ ಗೊತ್ತು. 1867ರಲ್ಲಿ ವಾರ್ಸಾದಲ್ಲಿ ಹುಟ್ಟಿದ್ದು, ಅಲ್ಲಿ ಹೆಣ್ಣುಮಕ್ಕಳಿಗೆ ವಿಶ್ವವಿದ್ಯಾಲಯಕ್ಕೆ ಪ್ರವೇಶವಿಲ್ಲದೆ ಪ್ಯಾರಿಸ್‌ಗೆ ಹೋಗಿದ್ದು, 1898ರಲ್ಲಿ ಗಂಡ ಪಿಯರ್ ಜೊತೆ ರೇಡಿಯಂ ಪತ್ತೆಹಚ್ಚಿದ್ದು, ಎರಡು ನೊಬೆಲ್. ರೇಡಿಯಂ ತೆಗೆಯುವ ವಿಧಾನಕ್ಕೆ ಪೇಟೆಂಟ್ ಬೇಡ ಅಂದಿದ್ದೂ ಸೇರಿಸಿ ಪಾಠ ಮುಗಿಯುತ್ತದೆ.

ಪಾಠದಲ್ಲಿ ಇಲ್ಲದ್ದು 1920ರ ನಂತರದ ಕಥೆ. ಆಗ ಅವರ ವಯಸ್ಸು ಐವತ್ತರ ಆಸುಪಾಸು. ಎರಡೂ ಕಣ್ಣಿಗೆ ಪೊರೆ ಬರತೊಡಗಿತ್ತು, ಕಿವಿಯಲ್ಲಿ ಸದಾ ಗುಂಯ್‌ಗುಡುವ ಸದ್ದು. ಇದಕ್ಕೂ ರೇಡಿಯಂಗೂ ಸಂಬಂಧ ಇರಬಹುದೇನೋ ಎಂಬ ಅನುಮಾನವನ್ನು ಅಕ್ಕ ಬ್ರೋನ್ಯಾಗೆ ಕಾಗದದಲ್ಲಿ ತೋಡಿಕೊಂಡರು, ಯಾರಿಗೂ ಹೇಳಬೇಡ ಅಂತಲೂ ಕೇಳಿಕೊಂಡರು. ಪ್ರಯೋಗಾಲಯದ ಉಪಕರಣಗಳ ಮೇಲೆ ಎದ್ದು ಕಾಣುವ ಬಣ್ಣದ ಗುರುತು ಹಾಕಿಕೊಂಡರು. ಪಾಠದ ಟಿಪ್ಪಣಿಯನ್ನು ದಪ್ಪಕ್ಷರದಲ್ಲಿ ಬರೆದುಕೊಂಡರು. ವಿದ್ಯಾರ್ಥಿ ಸೂಕ್ಷ್ಮ ಗೆರೆಗಳ ಫೋಟೋ ತಂದು ತೋರಿಸಿದರೆ, ಮೊದಲು ಅವನಿಂದಲೇ ಪ್ರಶ್ನೆ ಕೇಳಿ ಕೇಳಿ ಎಲ್ಲ ತಿಳಿದುಕೊಂಡು, ಆಮೇಲೆ ಫೋಟೋ ಹಿಡಿದು ನೋಡುವಂತೆ ನಟಿಸುತ್ತಿದ್ದರಂತೆ. ಇದನ್ನೆಲ್ಲ ಬರೆದಿಟ್ಟವರು ಮಗಳು ಈವ್. 1923ರಿಂದ 1930ರೊಳಗೆ ನಾಲ್ಕು ಆಪರೇಷನ್. ಆಸ್ಪತ್ರೆಯಲ್ಲಿ ಕೊಟ್ಟ ಹೆಸರು ಮದಾಂ ಕಾರೆ.

ಮುಚ್ಚಿಟ್ಟಿದ್ದು ಯಾಕೆ? 1911ರಲ್ಲಿ ಫ್ರೆಂಚ್ ವಿಜ್ಞಾನ ಅಕಾಡೆಮಿ ಅವರನ್ನು ಸದಸ್ಯೆಯಾಗಿ ಆರಿಸಲಿಲ್ಲ. ಅದೇ ವರ್ಷ ಪತ್ರಿಕೆಗಳು ಅವರ ಖಾಸಗಿ ಬದುಕನ್ನು ಬೀದಿಗೆಳೆದು, ಪರದೇಶದ ಹೆಂಗಸು ಅಂತ ಹೀಯಾಳಿಸಿದವು. ಅಂಥವರ ಕೈಗೆ ತನ್ನ ದೌರ್ಬಲ್ಯ ಕೊಡಲು ಯಾರಿಗೆ ಮನಸ್ಸಾಗುತ್ತೆ? ಟ್ರೋಲ್‌ಗಳ ಕಾಲದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆದರೂ ನನಗೊಂದು ತಕರಾರಿದೆ. ರೇಡಿಯಂ ಅನ್ನು ಜಗತ್ತಿಗೆ ಬಿಟ್ಟಿಯಾಗಿ ಕೊಟ್ಟವರು, ಅದರ ಬಗ್ಗೆ ತಮ್ಮ ಕಣ್ಣು ಹೇಳುತ್ತಿದ್ದುದನ್ನು ಮಾತ್ರ ಕೊಡಲಿಲ್ಲ. ದೇಹದಲ್ಲಿ ವಿಕಿರಣಕ್ಕೆ ಬೇಗ ಕೆಡುವ ಭಾಗಗಳಲ್ಲಿ ಕಣ್ಣಿನ ಮಸೂರವೂ ಒಂದು. ವಿಕಿರಣದ ನಡುವೆ ಕೆಲಸ ಮಾಡುವವರ ಮಸೂರಕ್ಕೆ ವರ್ಷಕ್ಕೆ 150 ಮಿಲಿಸೀವರ್ಟ್ ಇದ್ದ ಮಿತಿಯನ್ನು ಸರಾಸರಿ 20ಕ್ಕೆ ಇಳಿಸಬೇಕೆಂದು ಅಂತರರಾಷ್ಟ್ರೀಯ ಆಯೋಗ ಶಿಫಾರಸು ಮಾಡಿದ್ದು 2011ರಲ್ಲಿ. ಎಂಜಿನಿಯರಿಂಗ್ ಓದಿದ ನನಗೆ ಈ ತಡ ಅರಗುವುದಿಲ್ಲ.

ಕ್ಯೂರಿಯವರ ಕೊನೆಯ ಆಪರೇಷನ್ ಆದ 1930ರಲ್ಲೇ, ಲಂಡನ್ನಿನ ವೈದ್ಯ ಫಾಸ್ಟರ್ ಮೂರ್ ಕಣ್ಣಿನ ಗಡ್ಡೆಯೊಳಗೆ ರೇಡಾನ್ ಬೀಜ ಇಟ್ಟು ಚಿಕಿತ್ಸೆ ಕೊಟ್ಟಿದ್ದನ್ನು ಪ್ರಕಟಿಸಿದರು. ರೇಡಾನ್ ಹುಟ್ಟುವುದು ರೇಡಿಯಂನಿಂದಲೇ. ಈಗ ಅಂಗಿ ಗುಂಡಿಯಂಥ ವಿಕಿರಣದ ಬಿಲ್ಲೆಯನ್ನು ಕಣ್ಣುಗುಡ್ಡೆಯ ಹೊರಗೋಡೆಗೆ ಹೊಲಿದು, ಕೆಲವು ದಿನ ಬಿಟ್ಟು ತೆಗೆಯುತ್ತಾರೆ. ನಮ್ಮ ಭಾಭಾ ಪರಮಾಣು ಕೇಂದ್ರವೂ ರುಥೇನಿಯಂ ಬಿಲ್ಲೆ ತಯಾರಿಸುತ್ತದೆ. ಹಿಂದೆ ಕಣ್ಣನ್ನೇ ಕಿತ್ತು ತೆಗೆಯುತ್ತಿದ್ದರು. ಮಧ್ಯಮ ಗಾತ್ರದ ಮೆಲನೋಮಾ ಗಡ್ಡೆಗಳಲ್ಲಿ, ಕಣ್ಣು ತೆಗೆದರೂ ಬಿಲ್ಲೆ ಇಟ್ಟರೂ ಜೀವ ಉಳಿಯುವ ಪ್ರಮಾಣ ಒಂದೇ ಅಂತ ಅಮೆರಿಕದ ದೊಡ್ಡ ಅಧ್ಯಯನ ತೋರಿಸಿದೆ. ದೃಷ್ಟಿಯ ಮಾತು ಬೇರೆ. ಪೊರೆ ಬಂದರೆ ಆಪರೇಷನ್ ಇದೆ. ರೆಟಿನಾದ ಸಣ್ಣ ರಕ್ತನಾಳಗಳು ತಿಂಗಳು, ವರ್ಷಗಳ ನಂತರ ಮುಚ್ಚಿಕೊಂಡು ಸೋರತೊಡಗಿದರೆ ಇಂಜೆಕ್ಷನ್‌ನಿಂದ ಅದನ್ನು ನಿಧಾನಿಸಬಹುದು, ಹೋದ ದೃಷ್ಟಿ ಮರಳುವುದು ಕಷ್ಟ. ದೊಡ್ಡಮ್ಮನಿಗೆ ಆಗಿದ್ದು ಇದೇ. ಇಂಥದ್ದಾಗಬಹುದು ಅಂತ ಯಾರೂ ಮೊದಲೇ ಬಿಡಿಸಿ ಹೇಳಿರಲಿಲ್ಲ. ತನ್ನದೇ ಏನೋ ತಪ್ಪು ಅಂತ ಅವರು ಸುಮ್ಮನಿದ್ದರು.

ಕ್ಯೂರಿ 1934ರ ಜುಲೈ 4ರಂದು ರಕ್ತ ತಯಾರಿಕೆಯೇ ನಿಂತುಹೋಗುವ ಕಾಯಿಲೆಯಿಂದ ತೀರಿಕೊಂಡರು. ದೊಡ್ಡಮ್ಮ ಈಗ ಗ್ಯಾಸ್ ಸ್ಟವ್‌ನ ನಾಬ್‌ಗೆ ಕೆಂಪು ನೇಲ್ ಪಾಲಿಶ್ ಹಚ್ಚಿಕೊಂಡಿದ್ದಾರೆ. ಮುಂದಿನ ಚೆಕಪ್‌ನಲ್ಲಿ ಡಾಕ್ಟರನ್ನು ಕೇಳಬೇಕಾದ ಪ್ರಶ್ನೆಗಳನ್ನು ನನ್ನ ಕೈಲಿ ದಪ್ಪಕ್ಷರದಲ್ಲಿ ಬರೆಸಿಕೊಂಡಿದ್ದಾರೆ.