ದುಭಾಷಿಗಳ ತರ್ಜುಮೆಯಲ್ಲಿ ಸಿಲುಕಿದ ರಾಯಭಾರಿ ತೋಮೆ ಪಿರೆಸ್

1517ರ ಸೆಪ್ಟೆಂಬರ್ ಅಂತ್ಯದಲ್ಲಿ ಪೋರ್ಚುಗೀಸ್ ಹಡಗುಗಳು ಚೀನಾದ ಕ್ಯಾಂಟನ್ ನಗರದೆದುರು ಲಂಗರು ಹಾಕಿ, ಗೌರವಾರ್ಥವಾಗಿ ಫಿರಂಗಿ ಹಾರಿಸಿದವು. ಪೋರ್ಚುಗೀಸರಿಗೆ ಅದು ವಂದನೆ, ಚೀನೀ ಅಧಿಕಾರಿಗಳಿಗೆ ಉದ್ಧಟತನ. ಆ ಹಡಗುಗಳಲ್ಲಿ ಬಂದಿದ್ದ ರಾಯಭಾರಿಯೇ ತೋಮೆ ಪಿರೆಸ್.

ಪಿರೆಸ್ ಹುಟ್ಟಿನಿಂದ ರಾಜತಂತ್ರಜ್ಞನಲ್ಲ. ಪೋರ್ಚುಗಲ್ಲಿನ ರಾಜಕುಮಾರ ಅಫೊನ್ಸೊನ ಬಳಿ ಔಷಧ ತಯಾರಕನಾಗಿದ್ದ ಆತ 1511ರಲ್ಲಿ ಭಾರತಕ್ಕೆ ಬಂದನು. ಮರುವರ್ಷ ಮಲಕ್ಕಾಗೆ ತೆರಳಿ, ಮಸಾಲೆ ಹಾಗೂ ಔಷಧ ದ್ರವ್ಯಗಳ ವಹಿವಾಟಿನಲ್ಲಿ ತೊಡಗಿದನು. 1512ರಿಂದ 1515ರ ನಡುವೆ ಆತ ಬರೆದ ‘ಸುಮಾ ಓರಿಯೆಂಟಲ್’ ಕೃತಿಯಲ್ಲಿ ಕೆಂಪು ಸಮುದ್ರದಿಂದ ಚೀನಾದವರೆಗಿನ ಬಂದರುಗಳ ವಿವರವಿದೆ. ನಮ್ಮ ಕರಾವಳಿಯ ಹೊನ್ನಾವರ, ಭಟ್ಕಳಗಳೂ ಅದರಲ್ಲಿ ಬರುತ್ತವೆ.

ಇಷ್ಟೆಲ್ಲ ಬಲ್ಲವನಿಗೆ ಚೀನೀ ಭಾಷೆ ಮಾತ್ರ ಬರುತ್ತಿರಲಿಲ್ಲ. ಐವರು ದುಭಾಷಿಗಳೇ ಆತನ ಆಸರೆ. ಅನುಮತಿಯಿಲ್ಲದೆ ಕಡಲು ದಾಟುವುದನ್ನು ಮಿಂಗ್ ಅರಸರು ನಿಷೇಧಿಸಿದ್ದರು. ಆದ್ದರಿಂದ ಪರದೇಶಿಯರ ಭಾಷೆ ಕಲಿತ ಚೀನೀಯನು ತನ್ನ ನಾಡಿನ ಕಾನೂನಿನ ದೃಷ್ಟಿಯಲ್ಲಿ ಅಪರಾಧಿಯಾಗುವ ಸಂಭವವೇ ಹೆಚ್ಚು. ರಾಯಭಾರದ ಭವಿಷ್ಯ ಅಂಥವರ ನಾಲಿಗೆಯ ಮೇಲೆ ನಿಂತಿತ್ತು.

1520ರ ಜನವರಿಯಲ್ಲಿ ಕ್ಯಾಂಟನ್ ಬಿಟ್ಟ ರಾಯಭಾರಿ ತಂಡ ಮುಂದಿನ ವರ್ಷದ ಆರಂಭದಲ್ಲಿ ಬೀಜಿಂಗ್ ತಲುಪಿತು. ಅಲ್ಲಿ ಪತ್ರಗಳ ಪರಿಶೀಲನೆ ನಡೆಯಿತು. ನೌಕಾಧಿಪತಿ ಫೆರ್ನಾವ್ ಪೆರೆಸ್‌ನ ಪತ್ರವನ್ನು ದುಭಾಷಿಗಳು ಚೀನೀ ಪದ್ಧತಿಗೆ ಒಪ್ಪುವಂತೆ, ಪೋರ್ಚುಗಲ್ಲಿನ ಅರಸನು ಸಾಮಂತನಾಗಿ ಕಪ್ಪ ಸಲ್ಲಿಸಲು ಬಯಸಿದ್ದಾನೆಂಬ ಅರ್ಥದಲ್ಲಿ ತರ್ಜುಮೆ ಮಾಡಿದ್ದರು. ಅರಸ ಮನುವೆಲನ ಮುದ್ರೆಯೊತ್ತಿದ ಮೂಲಪತ್ರ ತೆರೆದಾಗ ಅದರಲ್ಲಿ ಸಾಮಂತನ ವಿನಯವಿರಲಿಲ್ಲ, ಸಮಾನನ ದನಿಯಿತ್ತು. ತಂಡವೇ ವಂಚಕರದೆಂಬ ಶಂಕೆ ಮೂಡಿತು.

ಶಂಕೆಗೆ ಬೇರೆ ಕಾರಣಗಳೂ ಸೇರಿದವು. ಪೋರ್ಚುಗೀಸರು 1511ರಲ್ಲಿ ಕಸಿದುಕೊಂಡ ಮಲಕ್ಕಾದ ಸುಲ್ತಾನನು ಚೀನಾದ ಆಶ್ರಯ ಕೋರಿ ದೂರು ಕಳುಹಿಸಿದ್ದನು. 1519ರಲ್ಲಿ ಬಂದ ಸಿಮಾವ್ ದೆ ಅಂದ್ರಾದೆ ಕ್ಯಾಂಟನ್ ಬಳಿ ಮನಬಂದಂತೆ ವರ್ತಿಸಿ ಅಧಿಕಾರಿಗಳನ್ನು ಕೆರಳಿಸಿದ್ದನು. 1521ರ ಏಪ್ರಿಲ್‌ನಲ್ಲಿ ಚಕ್ರವರ್ತಿ ಝೆಂಗ್ಡೆ ಮರಣಹೊಂದಿದ ಮೇಲೆ ಪಿರೆಸ್‌ಗೆ ರಕ್ಷಣೆಯೇ ಉಳಿಯಲಿಲ್ಲ. ರಾಯಭಾರ ತಿರಸ್ಕೃತವಾಯಿತು. ದೇಶ ಬಿಟ್ಟು ಹೋಗಿ ಪೋರ್ಚುಗೀಸರನ್ನು ಕರೆತಂದ ಆರೋಪದ ಮೇಲೆ ದುಭಾಷಿಗಳು ಶಿರಚ್ಛೇದಕ್ಕೆ ಗುರಿಯಾದರು. ತಪ್ಪಿನಲ್ಲಿ ಅನೇಕರ ಪಾಲಿದ್ದರೂ ಮೊದಲು ತಲೆ ಕೊಟ್ಟವರು ಅವರೇ.

ಪಿರೆಸ್‌ನನ್ನು ಕ್ಯಾಂಟನ್‌ಗೆ ಮರಳಿಸಿ ಸಂಗಡಿಗರೊಂದಿಗೆ ಸೆರೆಯಲ್ಲಿಡಲಾಯಿತು. ಸಹಬಂದಿ ಕ್ರಿಸ್ತೊವಾವ್ ವಿಯೆಯ್ರಾ ಸೆರೆಮನೆಯಿಂದ ಬರೆದ ಪತ್ರದಿಂದಲೇ ಈ ದುರಂತದ ಬಹುಪಾಲು ವಿವರ ಲೋಕಕ್ಕೆ ತಿಳಿಯಿತು. ಪಿರೆಸ್ ತಾಯ್ನಾಡನ್ನು ಮತ್ತೆ ಕಾಣಲಿಲ್ಲ. ಆತನ ಕೃತಿಯ ಸಂಪೂರ್ಣ ಹಸ್ತಪ್ರತಿ 1937ರಲ್ಲಿ ಪ್ಯಾರಿಸ್‌ನಲ್ಲಿ ಅರ್ಮಾಂದೊ ಕೊರ್ತೆಸಾವ್‌ಗೆ ದೊರೆತು, 1944ರಲ್ಲಿ ಇಂಗ್ಲಿಷ್ ಅನುವಾದದೊಡನೆ ಪ್ರಕಟವಾಯಿತು.

1557ರ ಹೊತ್ತಿಗೆ ಪೋರ್ಚುಗೀಸರು ಮಕಾವ್‌ನಲ್ಲಿ ನೆಲೆಯೂರಿದರು. 1580ರ ದಶಕದಲ್ಲಿ ಜೆಸ್ವಿಟ್ ಪಾದ್ರಿಗಳಾದ ರುಜ್ಜಿಯೇರಿ ಮತ್ತು ಮತ್ತೆಯೊ ರಿಚ್ಚಿ ಪೋರ್ಚುಗೀಸ್–ಚೀನೀ ನಿಘಂಟನ್ನು ಸಿದ್ಧಪಡಿಸಿದರು. ಇಂದು ಮಕಾವ್‌ನಲ್ಲಿ ಎರಡೂ ಭಾಷೆಗಳಿಗೆ ಅಧಿಕೃತ ಸ್ಥಾನವಿದೆ. ಪಿರೆಸ್ ಹಾಗೂ ಆತನ ದುಭಾಷಿಗಳ ಕಾಲದಲ್ಲಿ ಅಂಥದೊಂದು ನಿಘಂಟೂ ಇರಲಿಲ್ಲ, ಅಂಥದೊಂದು ಊರೂ ಇರಲಿಲ್ಲ.